ನನ್ನ ಫೋನೊಳಗೆ ಇಡೀ ಬೀದಿ ಐತೆ

ನನ್ನ ಫೋನಿನ ಸಾಲದ ಆ್ಯಪಿಗೆ ನಾನು ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ. ವಾರಕ್ಕೊಂದು ಸಲ ನನ್ನ ಬಗ್ಗೆ ಏನೋ ಒಂದು ಊಹೆ ಮಾಡುತ್ತೆ, ನಾನು ಹೊಟ್ಟೆ ಹಿಡ್ಕೊಂಡು ನಗ್ತೀನಿ. ಒಂದು ಸಲ ಮಾತ್ರ ನಗು ಬರಲಿಲ್ಲ, ಮೈಯೆಲ್ಲ ಉರಿದುಹೋಯ್ತು. ಅದನ್ನೂ ಹೇಳ್ತೀನಿ.

ನಂದು ನ್ಯಾಮತಿಯಲ್ಲಿ ಹಿಟ್ಟಿನ ಗಿರಣಿ. ನಮ್ಮ ಬೀದಿಯ ಅರ್ಧ ಜನಕ್ಕೆ ಫೋನಲ್ಲಿ ದುಡ್ಡು ಹಾಕಾಕೆ ಬರಲ್ಲ, ಬಂದರೂ ಧೈರ್ಯ ಇಲ್ಲ. ನೋಟು ತಂದು ನನ್ನ ಕೈಗೆ ಕೊಡ್ತಾರೆ, ಅವರು ಹೇಳಿದ ಕಡೆ ನಾನು ನನ್ನ ಫೋನಿನ ಇದೇ ಆ್ಯಪಿಂದ ಹಾಕ್ತೀನಿ. ಬೇರೆ ಊರಿಗೆ ಹೋದೋರು ಅಂಗಡಿ ಸ್ಕ್ಯಾನರಿನ ಫೋಟೋ ಕಳಿಸ್ತಾರೆ, ವಾಪಸ್ ಬಂದ ಮೇಲೆ ನೋಟು ಕೊಡ್ತಾರೆ. ಜೋಳ ಬೀಸಿದ್ದಕ್ಕೆ ಕೂಲಿ ತಗೋತೀನಿ, ಇದಕ್ಕೆ ತಗೊಳ್ಳಲ್ಲ.

೧. ಶುಭಾಶಯ

ಎದುರುಮನೆ ಸೊಸೆ ಬಸುರಿ. ಹೊನ್ನಾಳಿಯಲ್ಲಿ ಸ್ಕ್ಯಾನಿಂಗಿಗೆ, ಗುಳಿಗೆಗೆ ಎಲ್ಲಾ ಅವಳ ಅತ್ತೆ ನನ್ನ ಫೋನಿಂದಲೇ ಹಾಕಿಸಿದ್ಲು. ನಾಲ್ಕನೇ ತಿಂಗಳಿಗೆ ಆ್ಯಪು ನಂಗೇ ಬರೀತು: ‘ಹೊಸ ಅತಿಥಿ ಬರುವ ಸಂಭ್ರಮವೇ? ಹೆರಿಗೆ ವಿಮೆ ಇಂದೇ ಮಾಡಿಸಿ.’

ನಂಗೆ ಐವತ್ತೆಂಟು. ನಮ್ಮ ಮನೆಯವರು ಕನ್ನಡಕ ಹಾಕ್ಕೊಂಡು ಎರಡೆರಡು ಸಲ ಓದಿದ್ರು.

“ಏನೇ ಇದು?”

“ನನ್ನ ಕೇಳಬ್ಯಾಡ್ರಿ. ಕಂಪನಿಯೋರನ್ನ ಕೇಳ್ರಿ, ಅವರಿಗೇ ಮೊದಲು ಗೊತ್ತಾಗಿರೋದು” ಅಂದೆ.

೨. ಮೇಷ್ಟ್ರ ಸಂಜೆ

ಮೂಲೆಮನೆ ರಿಟೈರ್ಡ್ ಮೇಷ್ಟ್ರಿಗೆ ಫೋನೂ ಐತೆ, ದುಡ್ಡು ಹಾಕಾಕೂ ಬರುತ್ತೆ. ಆದ್ರೆ ಅವರ ಫೋನನ್ನ ಅವರ ಹೆಂಡತಿ ದಿನಾ ತೆಗೆದು ನೋಡ್ತಾಳೆ. ಅದಕ್ಕೇ ವೈನ್ ಶಾಪಿನ ದುಡ್ಡು ಮಾತ್ರ ನನ್ನ ಫೋನಿಂದ. ಒಂದಿನ ಆ್ಯಪು ನಂಗೆ ಬುದ್ಧಿ ಹೇಳ್ತು: ‘ನಿಮ್ಮ ಸಂಜೆಯ ಖರ್ಚು ಹೆಚ್ಚುತ್ತಿದೆ. ಒಂದು ವಾರ ಬಿಟ್ಟು ನೋಡಿ.’

ಮೇಷ್ಟ್ರಿಗೇ ತೋರಿಸಿದೆ. ಓದಿ ತಲೆ ಚಚ್ಚಿಕೊಂಡ್ರು. “ಅವಳಿಗೆ ಹೆದರಿ ಇಲ್ಲಿಗೆ ಬಂದ್ರೆ, ಈ ಫೋನೊಳಗೂ ಒಬ್ಬಳು ಕೂತಾಳಲ್ಲಮ್ಮ!”

೩. ನಡವಳಿಕೆ

ಗಿರಣಿ ಮೋಟರು ಸುಟ್ಟ ವಾಸನೆ ಹೊಡೆಯಾಕೆ ಶುರುವಾಯ್ತು. ಹೊಸದು ಹಾಕದಿದ್ರೆ ಬಾಗಿಲು ಮುಚ್ಚಬೇಕು. ಸಾಲಕ್ಕೆ ಆ್ಯಪಲ್ಲೇ ಅರ್ಜಿ ಹಾಕಿದೆ. ‘ನಿಮ್ಮ ನಡವಳಿಕೆಯ ಆಧಾರದ ಮೇಲೆ ತಿರಸ್ಕರಿಸಲಾಗಿದೆ’ ಅಂತ ಬಂತು.

ನಡವಳಿಕೆಯಂತೆ! ಮೂವತ್ತು ವರ್ಷ ಗಿರಣಿ ನಡೆಸೀನಿ, ನನ್ನ ನಡತೆ ಬಗ್ಗೆ ಈ ಬೀದಿಯಲ್ಲಿ ಒಬ್ಬರು ತುಟಿ ಬಿಚ್ಚಿಲ್ಲ. ಫೋನ್ ಮಾಡಿ ಬಾಯಿಗೆ ಬಂದಂಗೆ ಬೈದೆ. ಕಂಪನಿಯೋರು ಒಬ್ಬ ಸಾಹೇಬ್ರನ್ನ ಕಳಿಸಿದ್ರು. ಆಯಪ್ಪ ಅಂಥಾ ಸೆಕೆಯಲ್ಲೂ ತಲೆ ಮೇಲಿನ ಕ್ಯಾಪ್ ತೆಗೀಲಿಲ್ಲ.

“ಅಮ್ಮ, ಕಂಪ್ಯೂಟರ್ ಪ್ರಕಾರ ನೀವು ಬಸುರಿ. ದಿನಾ ಸಂಜೆ ಕುಡೀತೀರಿ. ಬೆಳಿಗ್ಗೆ ಚನ್ನಗಿರಿಯಲ್ಲಿ ಟ್ರ್ಯಾಕ್ಟರ್ ಟೈರು, ಮಧ್ಯಾಹ್ನ ಜಗಳೂರು ಕಡೆ ಬಿಳಿಚೋಡಲ್ಲಿ ಕುರಿ ತಗೋತೀರಿ. ಇಂಥೋರಿಗೆ ಸಾಲ ಹೆಂಗೆ ಕೊಡಾಕಾಗುತ್ತೆ?”

ಬೀದಿಯ ಕಥೆಯೆಲ್ಲ ಬಿಡಿಸಿ ಹೇಳಿದೆ. ಕೇಳಿಸ್ಕೊಂಡು, “ಹಂಗಾದ್ರೆ ಆರು ತಿಂಗಳು ಬೇರೆಯವರಿಗೆ ಹಾಕಬ್ಯಾಡ್ರಿ. ನಿಮ್ಮದೊಂದೇ ಇರಲಿ, ಆಮೇಲೆ ನೋಡಣ” ಅಂದ್ರು.

“ನೋಡ್ರಿ ಸಾಹೇಬ್ರೆ, ಮಂದಿ ಗುಟ್ಟು ನಂಗೂ ಗೊತ್ತು. ಯಾರ ಡಬ್ಬಿಗೆ ಗೋಧಿ ಹೋಗಿ ರಾಗಿ, ಮೆಂತ್ಯ ಬಂತೋ ಅವರಿಗೆ ಸಕ್ಕರೆ ಕಾಯಿಲೆ. ಯಾರು ಒಮ್ಮೆಲೇ ಹತ್ತು ಸೇರು ಕಡ್ಲೆಬೇಳೆ ಹೊತ್ತು ತಂದ್ರೋ ಅವರ ಮಗಳಿಗೆ ಗಂಡು ಗೊತ್ತಾಗೈತೆ. ಅನುಮಾನ ಬಂದ್ರೆ ಬಾಯಿಬಿಟ್ಟು ಕೇಳ್ತೀನಿ, ಗೊತ್ತಾದದ್ದನ್ನ ಯಾರಿಗೂ ಮಾರಿಲ್ಲ. ನಿಮ್ಮ ಸಾಲ ನೀವೇ ಇಟ್ಕೊಳ್ರಿ, ನಾನು ಬೀದಿ ಬಿಡಲ್ಲ!”

ಜೋರಾಗೇನೋ ಅಂದೆ. ಸಾಹೇಬ್ರು ಅತ್ತ ಹೋದ ಮೇಲೆ ಮೋಟರಿನ ಪಕ್ಕ ಕೂತು ಕಣ್ಣಲ್ಲಿ ನೀರು ಹಾಕ್ಕೊಂಡೆ.

೪. ಸರ್ವರ್ ಡೌನ್

ಹತ್ತು ನಿಮಿಷಕ್ಕೆ ಸಾಹೇಬ್ರು ವಾಪಸ್ ಬಂದ್ರು. ದನಿ ಸಣ್ಣಗಾಗಿತ್ತು.

“ಅಮ್ಮ, ನನ್ನ ಬ್ಯಾಂಕಿನ ಸರ್ವರ್ ಡೌನ್ ಆಗೈತೆ. ಶಿವಮೊಗ್ಗದ ಒಂದು ಕ್ಲಿನಿಕ್ಕಿಗೆ ಇವತ್ತೇ ಅಡ್ವಾನ್ಸ್ ಹಾಕಬೇಕಿತ್ತು. ನೋಟು ಕೊಡ್ತೀನಿ, ನಿಮ್ಮ ಫೋನಿಂದ...”

ಹೆಸರು ನೋಡಿದೆ. ಕೂದಲು ನೆಡೋ ಕ್ಲಿನಿಕ್ಕು. ಆಯಪ್ಪನ ಕ್ಯಾಪ್ ನೋಡಿದೆ. ನೋಟು ಎಣಿಸ್ಕೊಂಡು ದುಡ್ಡು ಹಾಕಿದೆ. ತಮ್ಮ ಫೋನ್ ನಂಬರು ಬರ್ಕೊಟ್ಟು ಕೈ ಮುಗಿದು ಹೋದ್ರು.

ನಾನು ಬೀದಿ ಬಿಡದೆ ಸಾಲ ಬಿಟ್ಟ ವಿಷಯ ಸಂಜೆಯೊಳಗೆ ಮನೆಮನೆಗೂ ಮುಟ್ಟಿತ್ತು. ಎದುರುಮನೆ ಅತ್ತೆ ಒಂದು ವರ್ಷದ ಬೀಸೋ ಕೂಲಿ ಮುಂಗಡ ತಂದು ಕೊಟ್ಲು, ಅವಳ ಹಿಂದೆ ಒಬ್ಬೊಬ್ಬರೇ ಎಲ್ಲರೂ ಬಂದ್ರು. ಮೇಷ್ಟ್ರು ಎರಡು ವರ್ಷದ್ದು ಕೊಟ್ಟು, “ಕುಡಿದು ಹಾಳು ಮಾಡೋ ಬದಲು ಇಲ್ಲಿರಲಿ” ಅಂದ್ರು. ಸೋಮವಾರ ಹೊಸ ಮೋಟರು ಬಂತು.

ಮೊದಲ ಡಬ್ಬಿ ಜೋಳ ಸುರೀತಿದ್ದೆ, ಫೋನ್ ಟಿಣ್ ಅಂತು. ‘ಅಭಿನಂದನೆಗಳು! ನಿಮ್ಮ ಕೂದಲು ಕಸಿಗೆ ಎರಡು ಲಕ್ಷ ಸಾಲ ಮಂಜೂರಾಗಿದೆ.’

ನನ್ನ ಜಡೆ ಇವತ್ತಿಗೂ ಸೊಂಟ ಮುಟ್ಟುತ್ತೆ. ತಕ್ಷಣ ಸಾಹೇಬ್ರಿಗೆ ಫೋನ್ ಹಚ್ಚಿದೆ.

“ಸಾಹೇಬ್ರೆ, ಮೋಟರಿನ ಚಿಂತೆ ಬಿಡ್ರಿ, ಅದು ತಿರುಗ್ತಾ ಐತೆ. ನಿಮ್ಮ ತಲೆಗೆ ನನ್ನ ಹೆಸರಲ್ಲಿ ಸಾಲ ಬಂದೈತೆ, ಬಂದು ತಗೊಂಡು ಹೋಗ್ರಿ. ಈ ಸಲ ನನ್ನ ನಡವಳಿಕೆ ಒಪ್ಪಿಗೆಯಾಗೈತಂತೆ!”