ರುದ್ರಾಚಾರಿಯ ಕಿವಿ, ಉಮಾಪತಿಯ ಕಹಳೆ

"ಎಂಜಿನ್ ಕಾಯಿಲೆ ಹುಡುಕೋಕೆ ಇನ್ಮೇಲೆ ಕಿವಿ ಬೇಕಿಲ್ಲ, ಭಾವ!" ಎಂದು ಉಮಾಪತಿ ಸಾರಿದಾಗ ರುದ್ರಾಚಾರಿಗೆ ತುಟಿಯಿಂದ ತಿಳಿದದ್ದು 'ಭಾವ' ಎನ್ನುವುದೊಂದೇ. ಉಳಿದದ್ದನ್ನು ಬಾಮೈದನ ಅರಳಿದ ಮುಖ ನೋಡಿ ಊಹಿಸಿಕೊಂಡ. ಆ ಮುಖ ಹಾಗೆ ಅರಳಿದಾಗಲೆಲ್ಲ ಗ್ಯಾರೇಜಿನಲ್ಲಿ ಏನಾದರೊಂದು ಸುಟ್ಟುಹೋಗಿದೆ.

ಅರಸೀಕೆರೆಯಲ್ಲಿ ರುದ್ರಾಚಾರಿ ನಲವತ್ತು ವರ್ಷದಿಂದ ಕಾರು ರಿಪೇರಿ ಮಾಡುತ್ತಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚಿದನೆಂದರೆ ಸಾಕು, ಎಂಜಿನ್ನು ತನ್ನ ಸಂಕಟವನ್ನೆಲ್ಲ ಹೇಳಿಕೊಳ್ಳುತ್ತಿತ್ತು. ಊರಿಗೆಲ್ಲ ಅವನು 'ಕಿವಿ ಆಚಾರಿ'. ಆ ಕಿವಿ ಎರಡು ವರ್ಷದಿಂದ ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಹೆಂಡತಿ ಪಂಕಜಳಿಗೂ. ಕಿವುಡ ಮೆಕ್ಯಾನಿಕ್ಕನ ಹತ್ತಿರ ಯಾವ ಪುಣ್ಯಾತ್ಮ ಬಂದಾನು? ಈಗಲೂ ಸ್ಕ್ರೂಡ್ರೈವರ್ ಕಿವಿಗಿಟ್ಟು, ಏನೂ ಕೇಳಿಸದೆ, 'ಹ್ಞೂಂ' ಅನ್ನುತ್ತಿದ್ದ. ಆ ಸುಳ್ಳು ಹ್ಞೂಂ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಉಮಾಪತಿಯ ಪ್ರಯೋಗಕ್ಕೆ ಸಿಕ್ಕಿದ್ದು ಕೊಬ್ಬರಿ ಮಂಡಿಯ ಚನ್ನಬಸಪ್ಪನವರ ಹಳೇ ಕಾರು. ಆಯುಧಪೂಜೆಯ ಮಾರನೆಯ ಬೆಳಿಗ್ಗೆ ನಾಲ್ಕು ಹಮಾಲರಿಂದ ತಳ್ಳಿಸಿಕೊಂಡು ಬಂದಿದ್ದರು. ನಿನ್ನೆ ಪೂಜೆಯ ತನಕ ಕುದುರೆ ಹಾಗೆ ಓಡಿತ್ತಂತೆ; ಇವತ್ತು ಕೀ ತಿರುಗಿಸಿದರೆ ಕೊರ್ ಕೊರ್ ಎನ್ನುತ್ತದೆಯೇ ಹೊರತು ಸ್ಟಾರ್ಟ್ ಆಗುವುದಿಲ್ಲವಂತೆ. ಮಧ್ಯಾಹ್ನದೊಳಗೆ ಸರಿಹೋಗದಿದ್ದರೆ ಲಾರಿಗೆ ಹಾಕಿ ಹಾಸನದ ಗ್ಯಾರೇಜಿಗೆ ಕಳಿಸುವುದೇ ಎಂದು ಹಾಸನದ ದಾರಿಯತ್ತ ಕೈ ತೋರಿಸಿ ಹೇಳಿದರು. ಹಾಸನಕ್ಕೆ ಹೋದ ಗಿರಾಕಿ ಒಬ್ಬನೂ ವಾಪಸು ಬಂದಿರಲಿಲ್ಲ. ಉಳಿದಿದ್ದವರು ಇವರೊಬ್ಬರೇ.

ಉಮಾಪತಿಯ 'ನಾಡಿಯಂತ್ರ' ಅಂದರೆ ಪ್ರೆಷರ್ ಕುಕ್ಕರಿನ ಹೊಟ್ಟೆ ತುಂಬ ವೈರು, ಬ್ಯಾಟರಿ, ತಲೆಯ ಮೇಲೆ ಮುಚ್ಚಿಹೋದ ಟೆಂಟ್ ಸಿನಿಮಾದ ಕಹಳೆಯಂಥ ಸ್ಪೀಕರು. ಆರೋಗ್ಯವಾಗಿರುವ ಎಂಜಿನ್ನು ಹೇಗೆ ಸದ್ದು ಮಾಡುತ್ತದೆಂದು ಅದಕ್ಕೆ ಕಲಿಸಿದ್ದ. ರೋಗಿಯ ಸದ್ದಿಗೆ ಹೋಲಿಸಿ, ಎಲ್ಲಿ ಏನು ಕೊರತೆಯಿದೆಯೋ ಅದನ್ನು ಹುಡುಕಿ ತುಂಬಬೇಕು ಎಂದೂ ಹೇಳಿಕೊಟ್ಟಿದ್ದ. ಹೇಗೆ ತುಂಬಬೇಕು ಎನ್ನುವುದನ್ನು ಮಾತ್ರ ಯಂತ್ರದ ಬುದ್ಧಿಗೇ ಬಿಟ್ಟಿದ್ದ.

ಯಂತ್ರದ ಕ್ಲಿಪ್ಪನ್ನು ಎಂಜಿನ್ನಿಗೆ ಕಚ್ಚಿಸಿದ್ದಾಯಿತು, ಚನ್ನಬಸಪ್ಪ ಕೀ ತಿರುಗಿಸಿದ್ದಾಯಿತು. ಮೊದಲು ಕೊರ್ ಕೊರ್, ಆಮೇಲೆ ಗುಡುಗಿನಂಥ ಗುರ್‌ರ್‌ರ್! ಹಮಾಲರು ಸಿಳ್ಳೆ ಹಾಕಿದರು. ಚನ್ನಬಸಪ್ಪ ಗೇರು ಹಾಕಿ ಆಕ್ಸಿಲರೇಟರ್ ತುಳಿದರು. ಸದ್ದು ಏರಿತು, ಕಾರು ಕದಲಲಿಲ್ಲ. ಎರಡನೇ ಗೇರು, ಮೂರನೇ ಗೇರು, ನಾಲ್ಕನೆಯದೂ ಮುಗಿಯಿತು. ಸದ್ದಿನ ಪ್ರಕಾರ ಕಾರು ಇಷ್ಟು ಹೊತ್ತಿಗೆ ತಿಪಟೂರು ದಾಟಬೇಕಿತ್ತು. ಉಮಾಪತಿ, ಎಂಜಿನ್ ವಾಸಿಯಾಯಿತು, ಕ್ಲಚ್ಚು ಹೋಗಿದೆ ಎಂದು ತೀರ್ಪು ಕೊಟ್ಟ.

ಅಷ್ಟರಲ್ಲಿ ಕರೆಂಟು ಹೋಗಿ ಎದುರಿನ ಹಿಟ್ಟಿನ ಗಿರಣಿ ನಿಂತಿತು. ಕೊರತೆ ಕಂಡರೆ ಬಿಡುವ ಯಂತ್ರವೇ ಅದು? ಗಿರಣಿಯ ಸದ್ದನ್ನೂ ತುಂಬಿಕೊಟ್ಟಿತು. ರಾಗಿ ಡಬ್ಬ ಹೊತ್ತ ಹೆಂಗಸರು ಸಾಲುಗಟ್ಟಿ, ಗಿರಣಿ ಓಡಿಸುತ್ತ ಹಿಟ್ಟು ಯಾಕೆ ಕೊಡುವುದಿಲ್ಲವೆಂದು ಗಿರಣಿಯವನ ಮೇಲೆ ಬಿದ್ದರು. ಒಂದು ಗಂಟೆ ತಡವಾಗಿದ್ದ ರೈಲನ್ನೂ ಯಂತ್ರ ಹೊತ್ತಿಗೆ ಸರಿಯಾಗಿ ಕೂಗಿಸಿ ತಂದುಬಿಟ್ಟಿತು. ಹೋಟೆಲಿನಲ್ಲಿ ಕೂತಿದ್ದವರು ಅರ್ಧ ದೋಸೆ ಬಿಟ್ಟು, ಚೀಲ ಹಿಡಿದು ಸ್ಟೇಷನ್ನಿನ ಕಡೆ ಓಡಿದರು.

ರುದ್ರಾಚಾರಿಗೆ ಕಂಡದ್ದು ಓಡುವ ಜನ, ಆಡುವ ಬಾಯಿಗಳು. ಅವನು ಸುಮ್ಮನೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು. ಒಂದಿಷ್ಟೂ ಅದುರುತ್ತಿರಲಿಲ್ಲ.

ಹೇಳಲೋ ಬೇಡವೋ ಎಂದು ತೂಗಿ ನೋಡಿದ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುವ ಲೋಕವಿದು. ಹೇಳದಿದ್ದರೆ ಕಾರು ಹಾಸನಕ್ಕೆ.

"ಯಜಮಾನ್ರೇ, ಎಂಜಿನ್ ಸ್ಟಾರ್ಟ್ ಆಗಿಲ್ಲ."

ಚನ್ನಬಸಪ್ಪ ಕೆಂಪಗಾಗಿ ಕೆಳಗಿಳಿದರು. "ಊರೇ ಅದುರೋ ಹಾಗೆ ಸದ್ದು ಬರ್ತಿದೆ. ನಿಮಗೇನು ಕಿವಿ ಕೇಳಲ್ವಾ?" ಎಂದು ತಮ್ಮ ಕಿವಿಯನ್ನೇ ತಟ್ಟಿ ತೋರಿಸಿದರು.

ಆ ಸನ್ನೆ ರುದ್ರಾಚಾರಿಗೆ ಅರ್ಥವಾಯಿತು. "ಇಲ್ಲ ಯಜಮಾನ್ರೇ. ಎರಡು ವರ್ಷ ಆಯ್ತು ಕೇಳ್ದೆ."

ಹಮಾಲರು ತಲೆ ತಗ್ಗಿಸಿದರು. ನಲವತ್ತು ವರ್ಷದ ಹೆಸರು ಒಂದು ಮಾತಿಗೆ ಹೋಯಿತು. ರುದ್ರಾಚಾರಿ ಯಾರ ಮುಖವನ್ನೂ ನೋಡದೆ ಬಾನೆಟ್ ಎತ್ತಿ, ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಬ್ಬಿಯ ಮುಚ್ಚಳ ಬಿಚ್ಚಿದ. ಬೆರಳಿಗೆ ಅಂಟಂಟು. ನೆಕ್ಕಿ ನೋಡಿದ, ಸಿಹಿ. ಪೂಜೆಗೆ ಎಷ್ಟು ಕಾಯಿ ಒಡೆದಿರೆಂದು ಕೇಳಿದ. ಕೊಬ್ಬರಿ ಮಂಡಿಯವರು ಒಂದೇ ಕಾಯಿ ಒಡೆದರೆ ನಾಲ್ಕು ಜನ ಏನೆಂದಾರು? ಹನ್ನೆರಡು ಕಾಯಿ, ಬಾನೆಟ್ ತೆಗೆದು, ಎಂಜಿನ್ನಿನ ನೆತ್ತಿಯ ಮೇಲೇ ಒಡೆದಿದ್ದರು; ಕಾಯಿನೀರು ಡಬ್ಬಿಯೊಳಗೆ ಇಳಿದಿತ್ತು.

ಮುಚ್ಚಳ ಒರೆಸಿ, ಬಿಸಿಲಿಗಿಟ್ಟು ಒಣಗಿಸಿ ಕೂರಿಸಿದ. ಕೀ ತಿರುಗಿಸಿದಾಗ ಅಂಗೈ ಕೆಳಗೆ ಕಾರು ನಡುಗಿತು. ರುದ್ರಾಚಾರಿಯ ಕಣ್ಣು ತುಂಬಿಬಂತು; ಬಹಳ ಹೊತ್ತು ಕೈ ತೆಗೆಯಲಿಲ್ಲ. ಹೊರಡುವಾಗ ಚನ್ನಬಸಪ್ಪ ಏನೋ ಹೇಳಿದರು. ಮತ್ತೆ ಬರುತ್ತೇನೆ ಅಂದರೋ, ಇನ್ನು ಬರುವುದಿಲ್ಲ ಅಂದರೋ, ಅವನಿಗೆ ಕೇಳಿಸಲಿಲ್ಲ.

ಆಗ ಹಿಂದಿನ ಮನೆಯಿಂದ ಪಂಕಜ ಊಟಕ್ಕೆ ಕೂಗಿದಳು. ಇತ್ತಲಿಂದ ಉತ್ತರವಿಲ್ಲ. ಯಂತ್ರ ಆ ಕೊರತೆಯನ್ನೂ ಕಂಡಿತು. "ಬಂದೆ ಕಣೇ!" ಎಂದು ಕಹಳೆ ಥೇಟ್ ರುದ್ರಾಚಾರಿಯ ದನಿಯಲ್ಲೇ ಓಗೊಟ್ಟಿತು.

ಪಂಕಜ ಸೌಟು ಹಿಡಿದೇ ಓಡಿ ಬಂದಳು. ನೆಟ್ಟಗೆ ಹೋಗಿ ಯಂತ್ರದ ವೈರು ಕಿತ್ತೆಸೆದಳು. ಆಮೇಲೆ ಗಂಡನ ಭುಜ ಮುಟ್ಟಿ, ಊಟಕ್ಕೇಳಿ ಎಂದು ಕೈಸನ್ನೆ ಮಾಡಿದಳು. ಅದು ಭಾವನ ದನಿಯಲ್ಲವೆಂದು ಅಕ್ಕನಿಗೆ ಹೇಗೆ ಗೊತ್ತಾಯಿತೆಂದು ಉಮಾಪತಿ ಬಾಯಿ ಬಿಟ್ಟುಕೊಂಡು ನಿಂತ.

"ಎರಡು ವರ್ಷದಿಂದ ದಿನಾ ಕೂಗ್ತೀನಿ, ದಿನಾ ಬಂದು ಭುಜ ಮುಟ್ಟಿ ಕರ್ಕೊಂಡ್ ಹೋಗ್ತೀನಿ," ಎಂದಳು. "ಒಂದೇ ಕೂಗಿಗೆ ಓಗೊಟ್ಟಿದ್ದು ಕೇಳಿ, ಏನೋ ಕೆಟ್ಟಿದೆ ಅಂದ್ಕೊಂಡೆ."