ಕರಡಿ ಮಹಾಲಕ್ಷ್ಮಿಯೊಳಗೇ ಸಾಯಬೇಕು

ಇದು ನಡೆದದ್ದು ೧೯೫೬ರಲ್ಲಿ, ಬೆಳಗಿನ ಬೊರಿವಲಿ ಲೋಕಲ್ ರೈಲಿನಲ್ಲಿ. ಅಲ್ಲಿ ದಿನಕ್ಕೊಂದು ತಮಾಷೆ ಆಗುತ್ತಲೇ ಇತ್ತು. ನನ್ನಿಂದಾದ ಮೂರನ್ನು ಕ್ರಮವಾಗಿ ಬರೆಯುತ್ತೇನೆ.

೧. ಕರವಸ್ತ್ರ

ಬಿ.ಎಸ್ಸಿ. ಮುಗಿಸಿ ಫೋರ್ಟ್ ಭಾಗದ ಒಂದು ಪ್ರಯೋಗಾಲಯಕ್ಕೆ ಸೇರಿದ್ದೆ. ಅಂಧೇರಿಯಿಂದ ಚರ್ಚ್‌ಗೇಟಿನವರೆಗೆ ನಿಂತೇ ಪ್ರಯಾಣ. ಫುಟ್‌ಪಾತಿನಲ್ಲಿ ಒಂದು ಹಳೆಯ ಇಂಗ್ಲಿಷ್ ಪುಸ್ತಕ ಸಿಕ್ಕಿತು. ನೂರು ವರ್ಷದ ಹಿಂದೆ ಅಮೆರಿಕದ ಕಾಡಿನಂಚಿನ ಹೊಸ ಊರಿನಲ್ಲಿ ಸರಕಾರಿ ಗುಮಾಸ್ತನಾಗಿದ್ದವನು ತನ್ನ ಅನುಭವ ಬರೆದಿದ್ದ. ಏನು ಓದುತ್ತಿದ್ದೀ ಎಂದು ಸೀಟಿನಲ್ಲಿದ್ದ ಧಾರವಾಡದ ಕಡೆಯ ಕಾಕಾ ಕೇಳಿದರು. ಅವರೂ ಸರಕಾರಿ ಗುಮಾಸ್ತರೇ. ಎರಡು ಪುಟ ಕನ್ನಡದಲ್ಲಿ ಹೇಳಿದೆ.

ಮರುದಿನದಿಂದ ಅವರು ಬೊರಿವಲಿಯಲ್ಲೇ ಪಕ್ಕದ ಸೀಟಿನ ಮೇಲೆ ಕರವಸ್ತ್ರ ಹಾಸಿ ನನಗೆ ಜಾಗ ಹಿಡಿಯತೊಡಗಿದರು. ಯಾರೋ ಜಗಳಕ್ಕೆ ಬಂದಾಗ, ಇಲ್ಲಿ ಅಮೆರಿಕದವರು ಕೂರುತ್ತಾರೆ ಎಂದು ಹಿಂದಿಯಲ್ಲಿ ಗದರಿಸಿದರಂತೆ. ಅಂಧೇರಿ ಬಂದಾಗ ಎಲ್ಲರೂ ಬಾಗಿಲ ಕಡೆ ನೋಡಿದರು. ಟಿಫಿನ್ ಡಬ್ಬಿ ಹಿಡಿದು ನಾನು ಬಂದು ಕೂತೆ.

೨. ಕರಡಿ

ಎದುರು ಸೀಟಿನಲ್ಲಿ ಗ್ರಾಂಟ್ ರೋಡಿನ ಹೋಟೆಲೊಂದರ ಮ್ಯಾನೇಜರು, ಉಡುಪಿಯವರು. ಅವರೂ ಕಥೆ ಕೇಳತೊಡಗಿದರು. ದಿನಕ್ಕೆ ಆರು ಪುಟ ಎಂದು ಗುರುತು ಹಾಕಿಕೊಂಡಿದ್ದೆ.

ಒಂದು ದಿನ ಅಮೆರಿಕದ ಗುಮಾಸ್ತ ಬಾಗಿಲು ತೆರೆದರೆ ಎದುರಿಗೇ ಕರಡಿ. ಬಂದೂಕು ಒಳಗೆ. ಕೈಯಲ್ಲಿದ್ದದ್ದು ಜಮೀನಿನ ರಜಿಸ್ಟರ್ ಮಾತ್ರ. ಅದನ್ನೇ ಎತ್ತಿ ಕರಡಿಯ ಮೂತಿಗೆ ಅಪ್ಪಳಿಸಿದ.

ಕಾಕಾ ನನ್ನ ತೋಳು ಹಿಡಿದರು. "ರಜಿಸ್ಟರ್ ಹರೀಲಿಲ್ಲ ಹೌದಲ್ಲೋ?"

ಕರಡಿ ಬಿದ್ದಾಗ ಮ್ಯಾನೇಜರು ನಿಟ್ಟುಸಿರು ಬಿಟ್ಟು ಕಿಟಕಿಯಿಂದ ನೋಡಿದರು. ಮರೀನ್ ಲೈನ್ಸ್. ಅವರು ಇಳಿಯಬೇಕಿದ್ದ ಗ್ರಾಂಟ್ ರೋಡ್ ಎರಡು ಸ್ಟೇಷನ್ ಹಿಂದೆಯೇ ಉಳಿದಿತ್ತು.

ಮರುದಿನ ನಾನು ಕೂರುವ ಮೊದಲೇ ಹೇಳಿದರು: "ಇನ್ನು ಮುಂದೆ ಕರಡಿಯನ್ನು ಮಹಾಲಕ್ಷ್ಮಿ ಸ್ಟೇಷನ್ ಬರುವುದರೊಳಗೇ ಕೊಂದುಬಿಡಿ ಮಾರಾಯ್ರೆ. ಉಗ್ರಾಣದ ಬೀಗದ ಕೈ ನನ್ನ ಹತ್ರ. ನಿನ್ನೆ ಗಿರಾಕಿಗಳಿಗೆ ಸಕ್ಕರೆ ಇಲ್ಲದ ಚಾ."

೩. ವರ್ಗಾವಣೆ

ಕೊನೆಯ ಪುಟದಲ್ಲಿ ಆ ಗುಮಾಸ್ತ ರಾಜೀನಾಮೆ ಕೊಟ್ಟು ಪೇಟೆಗೆ ಮರಳುತ್ತಾನೆ. ಅದನ್ನು ಹೇಳಿದರೆ ಕಥೆ ಮುಗಿಯಿತು, ಸೀಟೂ ಹೋಯಿತು. ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಕಾಕಾ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿದರು. ಜೇಬಿನ ತನಕ ಹೋದ ಕೈ ಅಲ್ಲೇ ನಿಂತಿತು.

"ಸರಕಾರಿ ನೌಕರಿ ಯಾವನರ ತಾನಾಗೇ ಬಿಡ್ತಾನೇನೋ ತಮ್ಮಾ? ನೀ ಸರಿಯಾಗಿ ಓದಿಲ್ಲ. ಅವಗ ಬದ್ಲಿ ಆಗಿರಬೇಕು ನೋಡು."

"ಕರಡಿ ಇರುವ ಊರಿಗೇ ಆಗಿರ್ತದೆ," ಎಂದರು ಮ್ಯಾನೇಜರು.

ಕರವಸ್ತ್ರ ಇನ್ನೂ ಕಾಕಾನ ಕೈಯಲ್ಲೇ ಇತ್ತು. ಪುಸ್ತಕ ತೆರೆದು ಇನ್ನೊಮ್ಮೆ ನೋಡಿದೆ. ಹೌದು, ವರ್ಗಾವಣೆಯ ಆದೇಶ ಬಂದಿತ್ತು.

ಆ ವರ್ಷ ಅವನಿಗೆ ಮೂರು ಸಲ ವರ್ಗವಾಯಿತು. ಪುಸ್ತಕದಲ್ಲಿದ್ದದ್ದು ೨೧೨ ಪುಟ. ನಾನು ಹೇಳಿದ್ದು ೬೩೨.