ಇಪ್ಪತ್ತನೆಯವನು ಯಾರ ಮನೆಯವನು?

"ಮೈಕ್ ಎಂದರೆ ನನಗೆ ಭಯ. ಇದನ್ನು ಯಾರಿಗೂ ಹೇಳಿಲ್ಲ" ಎಂದು ಟ್ಯಾಮ್ಸಿನ್ ಪೆಂಗೆಲಿ ಶನಿವಾರ ಬೆಳಗ್ಗೆ ದಿನಚರಿಯಲ್ಲಿ ಬರೆದಳು. ಮತ್ತೆ ಓದಿ, ಎರಡನೆಯ ವಾಕ್ಯ ಅನವಶ್ಯಕವೆಂದು ಹೊಡೆದುಹಾಕಿದಳು. ಅವಳು ಯಾರಿಗೂ ಏನನ್ನೂ ಹೇಳಿದವಳೇ ಅಲ್ಲ.

ಇತಿಹಾಸದಲ್ಲಿ ಪದವಿ ಪಡೆದ ತಪ್ಪಿಗೆ, ಕುರ್ರಾಬೀಲ್ ಫುಟ್‌ಬಾಲ್ ಕ್ಲಬ್ಬಿನ ನೂರು ವರ್ಷದ ಚರಿತ್ರೆಯನ್ನು ಊರಿನವರು ಅವಳ ತಲೆಗೆ ಕಟ್ಟಿದ್ದರು. ಬರಗಾಲದಲ್ಲಿ ಮೈದಾನ ಕುರಿಗಳ ಪಾಲಾದದ್ದು, ಯುದ್ಧಕಾಲದಲ್ಲಿ ಆಡುವವರಿಲ್ಲದೆ ಬಾಗಿಲು ಹಾಕಿದ್ದು, ಒಂದು ವರ್ಷ ಹದಿನೇಳಕ್ಕೆ ಹದಿನೇಳು ಪಂದ್ಯ ಸೋತೂ ವರ್ಷಾಂತ್ಯದ ಔತಣ ಬಿಡದೆ ನಡೆಸಿದ್ದು, ಎಲ್ಲವನ್ನೂ ಬರೆದು ಮುಗಿಸಿದ್ದಳು. ಉಳಿದದ್ದು ಒಂದೇ ತೊಡಕು. ಕ್ಲಬ್ಬು ಈವರೆಗೆ ಗೆದ್ದದ್ದು ಒಂದೇ ಕಪ್, ಅದೂ 1936ರಲ್ಲಿ. ಅಂದಿನ ಫೋಟೊದಲ್ಲಿ ಕ್ಲಬ್ಬಿನ ಪಟ್ಟೆ ಜೆರ್ಸಿ ತೊಟ್ಟವರು ಇಪ್ಪತ್ತು ಜನ. ದಾಖಲೆಯಲ್ಲಿರುವ ಹೆಸರು ಹತ್ತೊಂಬತ್ತು: ಆಸ್ಟ್ರೇಲಿಯದ ಫುಟ್‌ಬಾಲಿನ ಲೆಕ್ಕದಂತೆ ಆಡಿದವರು ಹದಿನೆಂಟು, ಹೊರಗೆ ಕಾದು ಕೂತವನೊಬ್ಬ. ಹಾಗಾದರೆ ಬಲತುದಿಯಲ್ಲಿ, ಕ್ಯಾಪ್ಟನ್ನನ ಹೆಗಲ ಮೇಲೆ ಕೈ ಹಾಕಿ, ಮದುಮಗನ ಹಾಗೆ ಹಲ್ಲು ಬಿಟ್ಟು ನಿಂತವನು ಯಾರು?

"ಇವತ್ತಿನ ಪಂದ್ಯದ ಹಾಫ್‌ಟೈಮಲ್ಲಿ, ದೊಡ್ಡದು ಮಾಡ್ಸಿರೋ ಈ ಫೋಟೊದ ಪರದೆ ಎಳೀತೀವಿ," ಎಂದ ಅಧ್ಯಕ್ಷ ಲಿಂಡ್ಸೆ. "ಅಷ್ಟರೊಳಗೆ ಹೆಸರು ಸಿಕ್ರೆ ನಾನೇ ಓದ್ತೀನಿ. ಸಿಗ್ಲಿಲ್ವೋ, ಯಾಕೆ ಸಿಗ್ಲಿಲ್ಲ ಅಂತ ನೀನೇ ಮೈಕ್ ಹಿಡಿದು ಹೇಳು."

ಟ್ಯಾಮ್ಸಿನ್ ಫೋಟೊದ ನಕಲು ಹಿಡಿದು ಓಡಿದಳು.

ಕ್ಯಾಂಟೀನಿನ ವರ್ನಾ ನೋಸ್ಕೆ ಮಾಂಸ ತುಂಬಿದ ಪೈಗಳನ್ನು ಓವನ್ನಿನಿಂದ ತೆಗೆಯುತ್ತಿದ್ದವಳು ಒಮ್ಮೆ ನೋಡಿದ್ದೇ ತಡ, "ಅಯ್ಯೋ, ಆ ಮೂಗು ನೋಡೇ! ನಮ್ಮ ತಾತಂದೇ ಕಣೇ! ಹೀಗೆ ಗಿಳಿಮೂಗು ಈ ಊರಲ್ಲಿ ಇನ್ಯಾರಿಗಿತ್ತು?" ಎಂದಳು.

"ದಾಖಲೇಲಿ ನೋಸ್ಕೆ ಅಂತ..."

"ದಾಖಲೆಗೆ ಮೂಗು ಕಾಣತ್ತಾ? ತಗೋ, ಪೈ ತಿನ್ನು. ಸಾಸ್ ಜಾಸ್ತಿ ಹಾಕಿದೀನಿ."

ಬಾಯಲ್ಲಿ ಬಿಸಿ ಪೈ ಇದ್ದುದರಿಂದ ಟ್ಯಾಮ್ಸಿನ್ "ಹೂಂ" ಎಂದಳು. ಸುದ್ದಿ ಹಬ್ಬಿಸಲು ವರ್ನಾಗೆ ಅಷ್ಟೇ ಸಾಕಾಗಿತ್ತು.

ಪಂದ್ಯ ಶುರುವಾದ ಮೇಲೆ ಸಮಯ ನೋಡುವ ಡೆಸ್ ಮಲ್ಕ್ವೀನ್ ಅವಳನ್ನು ತನ್ನ ಗೂಡಿಗೆ ಕರೆದ. "ಮೂಗಂತೆ ಮೂಗು! ಕಿವಿ ನೋಡು ಪುಟ್ಟಿ. ತೆರೆದಿಟ್ಟ ಕಾರಿನ ಬಾಗಿಲ ಹಾಗಿಲ್ವಾ? ನಮ್ಮ ದೊಡ್ಡಪ್ಪನೇ!"

"ಇರಬಹುದು," ಎಂದಳು ಟ್ಯಾಮ್ಸಿನ್.

"ಏನು ಇರಬಹುದು?" ಪೈ ಹಿಡಿಯುವ ಇಕ್ಕಳದ ಸಮೇತ ವರ್ನಾ ಮೆಟ್ಟಿಲು ಹತ್ತಿ ಬಂದಿದ್ದಳು. "ನನ್ ಪೈ ತಿಂದು ಅವನ ದೊಡ್ಡಪ್ಪ ಅಂತೀಯಾ?"

"ನಿಮ್ಮ ತಾತಂಗೆ ಚೆಂಡಿಗೂ ಕುಂಬಳಕಾಯಿಗೂ ವ್ಯತ್ಯಾಸ ಗೊತ್ತಿತ್ತೇನೇ?"

ಇಕ್ಕಳ ಮೇಲೆದ್ದಿತು. ಡೆಸ್ ಹಿಂದೆ ಸರಿದ. ಅವನ ಬೆನ್ನು ಆಟ ನಿಲ್ಲಿಸುವ ಸೈರನ್ನಿನ ಗುಂಡಿಗೆ ತಾಗಿ ಅದು ಮೊಳಗಿತು. ನಾಲ್ಕು ಪಾದಗಳ ಆಟದ ಮೊದಲ ಪಾದ ನಾಲ್ಕು ನಿಮಿಷ ಮುಂಚೆಯೇ ಮುಗಿದುಹೋಯಿತು. ಗೋಲಿಗೆ ಗುರಿಯಿಟ್ಟಿದ್ದ ಹುಡುಗ ಅಲ್ಲೇ ಕುಸಿದು ಕುಳಿತ. ಇಡೀ ಮೈದಾನ ಎದ್ದು ಬೈದದ್ದು ಮಾತ್ರ ಪಾಪದ ಅಂಪೈರನ್ನು: "ಲೋ, ಗಡಿಯಾರ ಅಡವಿಟ್ಟು ಬಂದ್ಯೇನೋ!"

ಗದ್ದಲದಲ್ಲಿ ಅಧ್ಯಕ್ಷ ಲಿಂಡ್ಸೆ ಅವಳನ್ನು ಪಕ್ಕಕ್ಕೆಳೆದ. "ಇವರಿಬ್ಬರ ಮಾತು ಬಿಡು. ಆ ಗದ್ದ ನಮ್ಮ ಅತ್ತೆ ಮನೇದು. ಹಾಗಂತ ನನ್ನ ಹೆಂಡತಿ ಆಗ್ಲೇ ಅರ್ಧ ಊರಿಗೆ ಸಾರಿಬಿಟ್ಟಿದಾಳೆ. ನನ್ ಸಂಸಾರ ನಿನ್ ಕೈಲಿದೆ ಮಗಳೇ."

ಒಂದೇ ಮುಖದ ಮೂಗು ಒಬ್ಬರಿಗೆ, ಕಿವಿ ಇನ್ನೊಬ್ಬರಿಗೆ, ಗದ್ದ ಮತ್ತೊಬ್ಬರಿಗೆ. ಎರಡನೆಯ ಪಾದವೂ ಅರ್ಧ ಕಳೆದು ಹಾಫ್‌ಟೈಮಿಗೆ ಹತ್ತೇ ನಿಮಿಷ ಉಳಿದಿತ್ತು. ಟ್ಯಾಮ್ಸಿನ್ ಕ್ಲಬ್ ಕೋಣೆಗೆ ಓಡಿದಳು. ದೊಡ್ಡ ಫೋಟೊಗೆ ಜಾಗ ಮಾಡಲೆಂದು, ತೊಂಬತ್ತು ವರ್ಷ ಗೋಡೆ ಬಿಟ್ಟು ಕದಲದ ಮೂಲ ಫೋಟೊವನ್ನು ಅಂದೇ ಕಿತ್ತು ಮೇಜಿನ ಮೇಲಿಟ್ಟಿದ್ದರು. ಚೌಕಟ್ಟು ಬಿಚ್ಚಿ ತಿರುಗಿಸಿದಳು. ಪೆನ್ಸಿಲಿನಲ್ಲಿ ಎರಡು ಸಾಲು. ಮೊದಲನೆಯದು ಓದಿ ಬೆವರಿದಳು. ಎರಡನೆಯದು ಓದಿ ಕುರ್ಚಿ ಹುಡುಕಿದಳು.

ಅಷ್ಟರಲ್ಲಿ ಸೈರನ್ ಕೂಗಿತು. ಊರಿಗೆ ಊರೇ ಕೋಣೆಗೆ ನುಗ್ಗಿತು. ಎದುರಾಳಿ ಯಂಡಾಲಾ ಊರಿನವರೂ ಬಿಟ್ಟಿ ಕೇಕಿನ ಆಸೆಗೆ ಬಾಗಿಲಲ್ಲಿ ನೆರೆದರು. 1936ರ ಆ ಕಪ್ ಪಂದ್ಯದಲ್ಲಿ ಸೋತವರು ಅವರೇ.

ಪರದೆ ಸರಿಯಿತು. ಆರಡಿ ಅಗಲದ ಫೋಟೊದಲ್ಲಿ ಇಪ್ಪತ್ತನೆಯವನು ಇನ್ನೂ ಅಗಲವಾಗಿ ನಗುತ್ತಿದ್ದ.

"ನಮ್ಮ ತಾತ!" ಎಂದಳು ವರ್ನಾ.

"ದೊಡ್ಡಪ್ಪ!" ಎಂದ ಡೆಸ್.

"ನಮ್ಮ ಅತ್ತೆ ಮನೆಯ..." ಎಂದು ಶುರುಮಾಡಿದ ಲಿಂಡ್ಸೆ, ಟ್ಯಾಮ್ಸಿನ್ ಎದೆಗವಚಿ ಹಿಡಿದಿದ್ದ ಹಳೇ ಫೋಟೊದ ಹಿಂದೆ ಅಕ್ಷರ ಕಂಡು, ಮೈಕನ್ನು ಬಾಯಿಗಿಟ್ಟುಕೊಂಡೇ ಬಗ್ಗಿ ಓದಿಬಿಟ್ಟ:

"ಬಲತುದಿಯಲ್ಲಿ ಇಂದಿನ ಅಂಪೈರ್. ಅಂಗಿ ಕೆಸರಾದ್ದರಿಂದ ನಮ್ಮ ಜೆರ್ಸಿ ಕೊಟ್ಟೆವು. ನಮಗೆ ದೊಡ್ಡ ಉಪಕಾರ ಮಾಡಿದ."



"ನಮ್ಮಜ್ಜ ಸಾಯೋವರೆಗೂ ಇದನ್ನೇ ಹೇಳ್ತಿದ್ದ!" ಯಂಡಾಲಾದ ಮುದುಕನೊಬ್ಬ ಕೋಲೆತ್ತಿ ಕುಣಿದ. ಅವನ ಊರಿನವರು ಓಡಿಹೋಗಿ, ಮೈದಾನದ ಸುತ್ತ ನಿಲ್ಲಿಸಿದ್ದ ಕಾರುಗಳ ಹಾರನ್ ಒತ್ತಿದರು. ತೊಂಬತ್ತು ವರ್ಷ ತಡವಾಗಿ ಬಂದ ವಿಜಯೋತ್ಸವ ಅದು.

"ನಮ್ಮ ತಾತಂದು ಚಪ್ಪಟೆ ಮೂಗು," ಎಂದಳು ವರ್ನಾ ಮೊದಲಿಗೆ.

"ಕಿವಿ ಅಂದ್ಮೇಲೆ ಎಲ್ರಿಗೂ ಇರತ್ತೆ," ಎಂದ ಡೆಸ್.

ಲಿಂಡ್ಸೆಯ ಹೆಂಡತಿ ತನ್ನ ಗದ್ದವನ್ನು ಮಫ್ಲರಿನಲ್ಲಿ ಮುಚ್ಚಿಕೊಂಡಳು.

"ಹಂಗಾದ್ರೆ ಈ ಪಾಪಿ ಯಾರ ಮನೆಯೋನಪ್ಪಾ?" ಲಿಂಡ್ಸೆ ತಲೆ ಕೆರೆದುಕೊಂಡ. "ಕೆಳಗೆ ಇನ್ನೊಂದು ಸಾಲಿದೆ. ಟ್ಯಾಮ್ಸಿನ್, ಹೆಬ್ಬೆರಳು ತೆಗಿಯೇ."

ಹೆಬ್ಬೆರಳು ಅಲ್ಲೇ ಅಂಟಿಕೊಂಡಿತ್ತು. "ಯಾರ ಮನೆಯವನೂ ಅಲ್ಲ" ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಗೋಡೆಯ ಮೇಲಿನ ಆ ಮನುಷ್ಯ, ಇಷ್ಟು ಹೊತ್ತು ಮೂರು ಮನೆಯವರು ತನ್ನನ್ನು ಎಳೆದಾಡಿ ಈಗ ಮೂರೂ ಮನೆಯವರು ಬೀದಿಗೆ ಬಿಟ್ಟ ಮೇಲೂ, ಹಾಗೆಯೇ ನಗುತ್ತಿದ್ದ.

ಟ್ಯಾಮ್ಸಿನ್ ಲಿಂಡ್ಸೆಯ ಕೈಯಿಂದ ಮೈಕ್ ತೆಗೆದುಕೊಂಡಳು. ಅದು ಕುಯ್ಯೆಂದಿತು. ಹೊರಗಿನ ಹಾರನ್ನುಗಳೂ ನಿಂತವು.

"ಹ್ಯೂ ಪೆಂಗೆಲಿ," ಎಂದಳು. "ನಮ್ಮ ಮುತ್ತಜ್ಜ."